ಕಳ್ಳತನ ಪ್ರಕರಣಗಳ ವಾಯಿದೆ (ವಿಚಾರಣೆಯ ದಿನ) ನಮಗೆ ತಿಳಿಸಬೇಕಾದವರು ಯಾರು? – ಬಡಾವಣೆ ನಿವಾಸಿಗಳ ಗುಂಪು, ಕೊಪ್ಪಳ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಗವಿಮಠದ ಜಾತ್ರೆಯ ದಿನಗಳಲ್ಲಿ ನಮ್ಮ ಬಡಾವಣೆಯ ನಾಲ್ಕು ಮನೆಗಳ ಬೀಗ ಮುರಿದು ಕಳ್ಳತನವಾದದ್ದು, ಮುಂದೆ ಇಬ್ಬರು ಆರೋಪಿಗಳು ಸಿಕ್ಕಿ ಸ್ವಲ್ಪ ಬಂಗಾರ ಜಪ್ತಿಯಾದದ್ದು ನಿಮಗೆ ಗೊತ್ತೇ ಇದೆ. ಅವರಲ್ಲಿ ಒಬ್ಬನು ಜಾಮೀನಿನ ಮೇಲೆ ಹೊರಗೆ ಬಂದಿರುವುದು ನಮಗೆ ತಿಳಿದದ್ದು, ಮೊನ್ನೆ ಎರಡನೇ ಅಡ್ಡರಸ್ತೆಯ ಅಮ್ಮನವರು ಹಿಟ್ಟಿನ ಗಿರಣಿಯ ಮುಂದೆ ಅವನನ್ನು ಕಣ್ಣಾರೆ ಕಂಡು ಗಾಬರಿಯಾಗಿ ಮನೆಗೆ ಬಂದಾಗ. ಠಾಣೆಯಿಂದಾಗಲಿ ನ್ಯಾಯಾಲಯದಿಂದಾಗಲಿ ಸರ್ಕಾರದ ಪರ ವಕೀಲರಿಂದಾಗಲಿ ನಾಲ್ಕೂ ಮನೆಯವರಿಗೆ ಒಂದು ಮಾತು ಬಂದಿಲ್ಲ. ಏನು ಮಾಡಬೇಕೆಂದು ಇಲ್ಲಿಯೇ ಚರ್ಚಿಸೋಣ.

ಮೂರನೇ ಅಡ್ಡರಸ್ತೆಯ ನಿವಾಸಿ:
ಚರ್ಚಿಸುವುದೇನಿದೆ? ನಮ್ಮ ಪರವಾಗಿ ವಾದಿಸಲು ಸರ್ಕಾರ ಸಂಬಳ ಕೊಟ್ಟು ಇಟ್ಟಿರುವ ವಕೀಲರು ನಮಗೇ ತಿಳಿಸುವುದಿಲ್ಲವೆಂದರೆ ಅದು ಕರ್ತವ್ಯಲೋಪ. ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆಯೋಣ, ನಾನೇ ಮೊದಲ ಸಹಿ ಹಾಕುತ್ತೇನೆ.

ನಿವೃತ್ತ ಶಿರಸ್ತೇದಾರರು, ಒಂದನೇ ಅಡ್ಡರಸ್ತೆ:
ನ್ಯಾಯಾಲಯದ ಕಚೇರಿಯಲ್ಲಿ ಕಡತ ಹೊತ್ತು ಮುದುಕನಾದವನ ಮಾತು ಎಂದು ತಿಳಿದು ಓದಿರಿ. ಕರ್ತವ್ಯಲೋಪ ಎಂದು ಬರೆಯುವ ಮೊದಲು ಆ ಕರ್ತವ್ಯ ಯಾವ ಕಲಮಿನಲ್ಲಿದೆ ಎಂದು ತೋರಿಸಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ತಿಳಿಸುವ ಹೊಣೆಯನ್ನು ತುಂಡು ತುಂಡಾಗಿ ಹಂಚಿದೆ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡುವುದು ಮತ್ತು ತನಿಖೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ, ಮೊಬೈಲ್ ಸಂದೇಶದ ಮೂಲಕವಾದರೂ ಸರಿ, ತಿಳಿಸುವುದು ಪೊಲೀಸರ ಕೆಲಸ; ಎರಡನೆಯದು ಕಲಂ 193ರಲ್ಲಿದೆ. ಸರ್ಕಾರ ಪ್ರಕರಣವನ್ನೇ ಹಿಂಪಡೆಯಲು ಹೊರಟರೆ, ಸಂತ್ರಸ್ತರ ಮಾತು ಕೇಳದೆ ನ್ಯಾಯಾಲಯ ಅನುಮತಿ ಕೊಡುವಂತಿಲ್ಲ ಎಂದು ಕಲಂ 360 ಹೇಳುತ್ತದೆ. ಆದರೆ ಸಾಮಾನ್ಯ ಮನೆಗಳ್ಳತನದಲ್ಲಿ ಪ್ರತಿ ವಾಯಿದೆಯನ್ನೂ ಪ್ರತಿ ಜಾಮೀನು ಅರ್ಜಿಯನ್ನೂ ಸಹಾಯಕ ಸರ್ಕಾರಿ ಅಭಿಯೋಜಕರೇ ಫಿರ್ಯಾದಿಗೆ ತಿಳಿಸತಕ್ಕದ್ದು ಎಂಬ ಸಾಲು ಆ ಸಂಹಿತೆಯಲ್ಲಿ ಇಲ್ಲ. ಅವರು ಸರ್ಕಾರದ ಪರ ವಕೀಲರು. ನಾವು ಅವರ ಕಡತದಲ್ಲಿ ಮೊದಲನೇ ಸಾಕ್ಷಿ ಮಾತ್ರ. ಸಾಕ್ಷಿ ನುಡಿಯುವ ಹಂತ ಬಂದಾಗ ಸಮನ್ಸ್ ಬರುತ್ತದೆ, ಅದಕ್ಕೆ ಮೊದಲು ನ್ಯಾಯಾಲಯದಿಂದ ಏನೂ ಬರುವುದಿಲ್ಲ. ಇದು ಸರಿಯೆಂದು ನಾನು ಹೇಳುತ್ತಿಲ್ಲ, ಇರುವುದನ್ನು ಹೇಳಿದೆ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ:
ಹಾಗಾದರೆ ನನ್ನದೊಂದು ಪ್ರಶ್ನೆ. ನಮ್ಮ ತಮ್ಮನ ಮೇಲೆ ನಡೆದ ಹಲ್ಲೆಯ ಪ್ರಕರಣ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ದಾಖಲಾಗಿತ್ತು. ಆರೋಪಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದಾಗ ನೋಟಿಸ್ ನಮ್ಮ ಬಾಗಿಲಿಗೇ ಬಂತು, ನಾವು ವಕೀಲರನ್ನು ಇಟ್ಟು ನಮ್ಮ ಮಾತು ಹೇಳಿಸಿದೆವು. ಒಂದೇ ಬಡಾವಣೆಯಲ್ಲಿ ಎರಡು ರೀತಿ ಏಕೆ?

ವಕೀಲೆ, ಐದನೇ ಅಡ್ಡರಸ್ತೆ:
ಅಣ್ಣಾವರೇ, ಪ್ರಶ್ನೆಯ ಗಂಟು ಇರುವುದೇ ಅಲ್ಲಿ. ಆ ಕಾಯ್ದೆಗೆ 2015ರಲ್ಲಿ ತಂದು 2016ರ ಜನವರಿ 26ರಿಂದ ಜಾರಿಗೊಳಿಸಿದ ತಿದ್ದುಪಡಿಯಲ್ಲಿ ಕಲಂ 15ಎ ಸೇರಿತು. ಜಾಮೀನು ಸೇರಿದಂತೆ ಯಾವುದೇ ನ್ಯಾಯಾಲಯ ಕಲಾಪದ ಬಗ್ಗೆ ಸೂಕ್ತವಾದ, ನಿಖರವಾದ, ಸಕಾಲಿಕವಾದ ನೋಟಿಸ್ ಪಡೆಯುವುದು ಸಂತ್ರಸ್ತರ ಹಕ್ಕು ಎಂದೂ, ವಿಶೇಷ ಸರ್ಕಾರಿ ಅಭಿಯೋಜಕರು ಅಥವಾ ರಾಜ್ಯ ಸರ್ಕಾರ ಅದನ್ನು ತಿಳಿಸತಕ್ಕದ್ದು ಎಂದೂ ಅಲ್ಲಿ ನೇರವಾಗಿ ಬರೆದಿದೆ. ಅದು ಕಡ್ಡಾಯವೇ ಹೊರತು ಇಚ್ಛೆಗೆ ಬಿಟ್ಟದ್ದಲ್ಲ ಎಂದು 2021ರಲ್ಲಿ ಹರಿರಾಮ್ ಭಾಂಭಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. (ಅಮೆರಿಕದ ಒಕ್ಕೂಟ ಸರ್ಕಾರ 2004ರಲ್ಲಿ ಮಾಡಿದ ಸಂತ್ರಸ್ತರ ಹಕ್ಕುಗಳ ಕಾಯ್ದೆಯಲ್ಲಿಯೂ ಇದೇ ಮೂರು ವಿಶೇಷಣಗಳಿವೆ, ಅಲ್ಲಿ ಅವು ಆ ಕಾನೂನಿನಡಿಯ ಎಲ್ಲ ಸಂತ್ರಸ್ತರಿಗೂ ಅನ್ವಯಿಸಿದರೆ ನಮ್ಮಲ್ಲಿ ಒಂದು ಕಾಯ್ದೆಯ ಒಳಗೆ ನಿಂತಿವೆ.)

ಶಿರಸ್ತೇದಾರ ಕಾಕಾವರು ಹೇಳಿದ್ದು ಸರಿಯಿದೆ, ಆದರೆ ಅದು ಅರ್ಧ ಮಾತ್ರ. ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಪ್ರತಿಭಟಿಸುತ್ತಿದ್ದ ರೈತರ ಮೇಲೆ ವಾಹನ ಹರಿದ ಘಟನೆಗೆ ಸಂಬಂಧಿಸಿದ ಜಾಮೀನು ಪ್ರಕರಣದಲ್ಲಿ, 2022ರ ಏಪ್ರಿಲ್‌ನಲ್ಲಿ, ತನಿಖೆಯ ಹಂತದಿಂದ ಮೇಲ್ಮನವಿಯವರೆಗೆ ತನ್ನ ಮಾತು ಕೇಳಿಸುವ ಹಕ್ಕು ಸಂತ್ರಸ್ತರಿಗಿದೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಂದರೆ ನಾವಾಗಿ ಹೋಗಿ ನಿಂತರೆ ಹೊರಗೆ ನಿಲ್ಲಿಸುವಂತಿಲ್ಲ. ಕಷ್ಟವಿರುವುದು ಹೋಗುವ ದಿನ ಯಾವುದೆಂದು ತಿಳಿಯುವುದರಲ್ಲಿ. ಆರೋಪಿ ನಿರ್ದೋಷಿಯೆಂದು ತೀರ್ಪಾಗಿ ಬಿಡುಗಡೆಯಾದರೆ ಸುರಕ್ಷಾ ಸಂಹಿತೆಯ ಕಲಂ 413ರ ಪ್ರಕಾರ ಸಂತ್ರಸ್ತರೇ ಮೇಲ್ಮನವಿ ಹೋಗಬಹುದು. ಆದರೆ ತೀರ್ಪು ಬಂದದ್ದೇ ಗೊತ್ತಾಗದಿದ್ದರೆ ಆ ಹಕ್ಕು ಇದ್ದೂ ಇಲ್ಲದಂತೆ.

ಎರಡನೇ ಅಡ್ಡರಸ್ತೆಯ ನಿವಾಸಿ:
ನನಗೆ ಜಾಮೀನಿಗಿಂತ ಬಂಗಾರದ ಚಿಂತೆ ಹೆಚ್ಚು. ಸಿಕ್ಕಿರುವ ಸರ ನನ್ನದೇ ಎಂದು ಠಾಣೆಯಲ್ಲಿ ಗುರುತು ಹಿಡಿದು ಬಂದಿದ್ದೇನೆ. ಪ್ರಕರಣ ಮುಗಿಯುವ ತನಕ ಕೊಡುವುದಿಲ್ಲ ಎಂದು ಯಾರೋ ಹೇಳಿದರು, ನಾನು ಸುಮ್ಮನಾದೆ. ಮಗಳ ಮದುವೆ ಹತ್ತಿರ ಬಂದಿದೆ.

ವಕೀಲೆ, ಐದನೇ ಅಡ್ಡರಸ್ತೆ:
ಅಕ್ಕಾ, ಹಾಗೆ ಹೇಳಿದವರು ತಪ್ಪು ಹೇಳಿದ್ದಾರೆ. ಮುದ್ದೆಮಾಲನ್ನು (ಜಪ್ತಿಯಾದ ವಸ್ತುವನ್ನು) ಬೇಕಾದದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು, ಒಡವೆಯ ಫೋಟೊ ಮತ್ತು ಪಂಚನಾಮೆ ಮಾಡಿಸಿ ಮುಚ್ಚಳಿಕೆ ಬರೆಸಿಕೊಂಡು ಕೊಡಬಹುದು ಎಂದು 2002ರಲ್ಲಿಯೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ಈಗಿನ ಸಂಹಿತೆಯ ಕಲಂ 497 ಇನ್ನೂ ಮುಂದೆ ಹೋಗಿ, ಮಾಲು ಹಾಜರಾದ 14 ದಿನಗಳಲ್ಲಿ ನ್ಯಾಯಾಲಯ ಅದರ ವಿವರಪಟ್ಟಿ ಮಾಡಿ, ನಂತರದ 30 ದಿನಗಳಲ್ಲಿ ವಿಲೇವಾರಿಯ ಆದೇಶ ಹೊರಡಿಸಬೇಕೆನ್ನುತ್ತದೆ. ಅರ್ಜಿಯನ್ನು ನೀವು ಹಾಕಬೇಕು. ಖರೀದಿ ರಸೀದಿ, ಇಲ್ಲವೇ ಆ ಸರ ಧರಿಸಿದ ಹಳೆಯ ಫೋಟೊ ಹುಡುಕಿಡಿ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಇದೆ. 15100ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು.

ಮೂರನೇ ಅಡ್ಡರಸ್ತೆಯ ನಿವಾಸಿ:
ಸರಿ, ಕರ್ತವ್ಯಲೋಪದ ಮಾತು ಬಿಟ್ಟೆ. ಆದರೆ ಕಾನೂನಿನಲ್ಲಿ ಬರೆದಿಲ್ಲ ಎಂದ ಮಾತ್ರಕ್ಕೆ ಒಂದು ಫೋನ್ ಮಾಡಬಾರದೆಂದೇನೂ ಇಲ್ಲವಲ್ಲ?

ನಿವೃತ್ತ ಶಿರಸ್ತೇದಾರರು, ಒಂದನೇ ಅಡ್ಡರಸ್ತೆ:
ಇಲ್ಲ, ಖಂಡಿತ ಇಲ್ಲ. ಅದನ್ನೇ ಕೇಳಬೇಕು. ಒಂದು ದಿನಕ್ಕೆ ಮೊಳದುದ್ದ ಕಡತ ನೋಡುವ ಅಭಿಯೋಜಕರಿಗೆ ನಮ್ಮ ನಂಬರು ಹುಡುಕುವ ಪುರುಸೊತ್ತು ಇರುವುದಿಲ್ಲ. ಕಡತದ ಮೇಲ್ಪುಟದಲ್ಲಿಯೇ ನಾಲ್ಕು ಮನೆಯವರ ಹೆಸರು ಮತ್ತು ನಂಬರು ಇದ್ದರೆ ಕೋರ್ಟ್ ಕೆಲಸದ ಪೇದೆಯಾದರೂ ಕರೆ ಮಾಡುತ್ತಾನೆ. ಎಲ್ಲ ವಾಯಿದೆ ಕೇಳಿದರೆ ಯಾವುದೂ ಬರುವುದಿಲ್ಲ. ಜಾಮೀನು ಅರ್ಜಿ, ಸಾಕ್ಷ್ಯ ಆರಂಭ, ತೀರ್ಪು – ಈ ಮೂರನ್ನು ಕೇಳಿ. ಉಳಿದದ್ದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ, ವರ್ಷ ಹಾಕಿ ನಾವೇ ನೋಡಬಹುದು. ಪ್ರತಿ ಪ್ರಕರಣಕ್ಕೂ ಇರುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಒಮ್ಮೆ ಸಿಕ್ಕರೆ ಮುಂದಿನ ವಾಯಿದೆ ಮನೆಯಲ್ಲಿ ಕುಳಿತೇ ತಿಳಿಯುತ್ತದೆ.

ಸಂಘದ ಕಾರ್ಯದರ್ಶಿ:
ಹಾಗಿದ್ದರೆ ಮನವಿ ಜಿಲ್ಲಾಧಿಕಾರಿಗಳಿಗಲ್ಲ, ಸಹಾಯಕ ಸರ್ಕಾರಿ ಅಭಿಯೋಜಕರ ಕಚೇರಿಗೆ. ಪ್ರತಿ ಅಭಿಯೋಜನಾ ಇಲಾಖೆಯ ಜಿಲ್ಲಾ ಕಚೇರಿಗೆ ಮತ್ತು ಠಾಣೆಗೆ. ಕರಡನ್ನು ವಕೀಲ ಅಕ್ಕಾವರು ನೋಡಿಕೊಡಲು ಒಪ್ಪಿದ್ದಾರೆ. ನಾಲ್ಕೂ ಮನೆಯವರು ಎಫ್‌ಐಆರ್ ಪ್ರತಿಯೊಂದಿಗೆ ಭಾನುವಾರ ಸಂಜೆ ಹನುಮಪ್ಪನ ಗುಡಿಯ ಕಟ್ಟೆಗೆ ಬರಬೇಕು. ಕಚೇರಿಯಲ್ಲಿ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬರುವುದು.

ಮೂರನೇ ಅಡ್ಡರಸ್ತೆಯ ನಿವಾಸಿ:
ನಮಗೆ ಎಫ್‌ಐಆರ್ ಪ್ರತಿಯನ್ನು ಕೊಟ್ಟೇ ಇಲ್ಲ. ಹಾಗಾದರೆ ಶನಿವಾರ ಬೆಳಿಗ್ಗೆ ಠಾಣೆಗೆ ಹೋಗಬೇಕು. ಕಾಕಾವರು ಜೊತೆಗೆ ಬಂದರೆ ಅನುಕೂಲವಾಗುತ್ತದೆ.

ನಿವೃತ್ತ ಶಿರಸ್ತೇದಾರರು, ಒಂದನೇ ಅಡ್ಡರಸ್ತೆ:
ಬರುತ್ತೇನೆ. ಹತ್ತು ಗಂಟೆಗೆ ಮನೆ ಮುಂದೆ ಗಾಡಿ ತನ್ನಿ.