ಪದಚರ್ಚೆ: ಷಾಕ್ ಅಂದರೆ ‘ಆಘಾತ’ವೇ? ಎಂಡಾರ್ಫಿನ್ ‘ಅಫೀಮೇ’?

ಪ್ರಶ್ನೆ (ಕುಂಬಳೆಯಿಂದ):
ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಮಕ್ಕಳಿಗಾಗಿ ಕನ್ನಡಕ್ಕೆ ತಂದ ಪಾಠವೊಂದರ ವಾಕ್ಯ: ‘ರಕ್ತಪರಿಚಲನೆಯ ಆಘಾತದಲ್ಲಿ ದೇಹದ ನೈಸರ್ಗಿಕ ಅಫೀಮುಗಳು ಹೃದಯಕ್ಕೆ ಖಿನ್ನತೆ ತರುತ್ತವೆ.’ ಆಘಾತ, ಅಫೀಮು, ಖಿನ್ನತೆ, ಈ ಮೂರೂ ಸರಿಯೇ? ಬಲ್ಲವರು ತಿಳಿಸಬೇಕು.

ಉತ್ತರ (ಬದಿಯಡ್ಕದಿಂದ):
ನಮಸ್ಕಾರ. ಮೂರನ್ನೂ ದಯವಿಟ್ಟು ಬದಲಿಸಿ.

‘ಹೃದಯಾಘಾತ’ ಅಂದರೆ ಕನ್ನಡದಲ್ಲಿ ಹಾರ್ಟ್ ಅಟ್ಯಾಕ್, ಮಲಯಾಳದಲ್ಲೂ ಹಾಗೆಯೇ. ಎರಡೂ ಭಾಷೆ ಓದುವ ನಮ್ಮ ಮಕ್ಕಳಿಗೆ ‘ಆಘಾತ’ ಕಂಡ ಕೂಡಲೇ ಅದೇ ನೆನಪಾಗುತ್ತದೆ. ಅಡಿಕೆ ಮರದಿಂದ ಬಿದ್ದವನಿಗೆ ಹೊಟ್ಟೆಯೊಳಗೆ ರಕ್ತ ಸೋರಿ ಷಾಕ್ ಆಗಿದೆ ಅಂದರೆ, ಅವನು ಬೆಚ್ಚಿಬಿದ್ದಿದ್ದಾನೆ ಅಂತಲ್ಲ. ಅಂಗಾಂಗಗಳಿಗೆ ಬೇಕಾದಷ್ಟು ರಕ್ತ ಮುಟ್ಟುತ್ತಿಲ್ಲ ಅಂತ. ಕೈಕಾಲು ತಣ್ಣಗೆ, ಅಂಟಂಟು ಬೆವರು, ನಾಡಿ ಓಡುತ್ತಿದ್ದರೂ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ, ಮೂತ್ರ ಕಡಿಮೆ. ‘ಷಾಕ್’ ಎಂದೇ ಇಟ್ಟು, ಮೊದಲ ಸಲ ‘ರಕ್ತಪೂರೈಕೆಯ ಕುಸಿತ’ ಎಂದು ಬಿಡಿಸಿ ಹೇಳಿ.

ಅಫೀಮು ಗಸಗಸೆ ಕಾಯಿ ಗೀರಿದಾಗ ಒಸರುವ ಹಾಲು ಒಣಗಿದ್ದು. ದೇಹ ತಯಾರಿಸುವುದು ಪೆಪ್ಟೈಡ್‌ಗಳನ್ನು: ಎನ್‌ಕೆಫಲಿನ್ 5 ಅಮೈನೋ ಆಮ್ಲಗಳ ಸರ, ಬೀಟಾ ಎಂಡಾರ್ಫಿನ್ 31ರದ್ದು. ಅಫೀಮಿನಲ್ಲಿರುವ ಮಾರ್ಫಿನ್ ಕೂರುವ ಬಗೆಯ ರಿಸೆಪ್ಟರ್‌ಗಳ (ಕೋಶದ ಮೇಲಿನ ಗ್ರಾಹಕಗಳ) ಮೇಲೆಯೇ ಇವೂ ಕೂರುತ್ತವೆ, ಹೋಲಿಕೆ ಅಷ್ಟೇ. ‘ನೈಸರ್ಗಿಕ’ ಎಂಬುದು ಗಿಡದ ಮಾರ್ಫಿನ್‌ಗೂ ಒಪ್ಪುವುದರಿಂದ ‘ದೇಹಜನ್ಯ ಒಪಿಯಾಯ್ಡ್’ ಎನ್ನಿ.

‘ಖಿನ್ನತೆ’ಯಂತೂ ಇಂಗ್ಲಿಷಿನ ‘ಡಿಪ್ರೆಶನ್’ಗೆ ನಿಘಂಟು ನೋಡಿ ಇಟ್ಟ ಪದ. ಹೃದಯಕ್ಕೆ ಮನಸ್ಸಿನ ಕಾಯಿಲೆ ಬರುವುದಿಲ್ಲ. ಅದರ ಬಡಿತದ ಬಲ ಕುಗ್ಗುತ್ತದೆ. ಷಾಕ್‌ನ ಒತ್ತಡದಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೀಟಾ ಎಂಡಾರ್ಫಿನ್ ಬಿಡುತ್ತದೆ. ಅಡ್ರಿನಲ್ ಗ್ರಂಥಿಯ ತಿರುಳಿನಿಂದ ಅಡ್ರಿನಲಿನ್ ಜತೆಗೇ ಎನ್‌ಕೆಫಲಿನ್ ಹೊರಬರುತ್ತದೆ. ಒಂದು ಹೃದಯವನ್ನು ಚುರುಕುಗೊಳಿಸಿದರೆ ಇನ್ನೊಂದು ಲಗಾಮು ಹಿಡಿಯುತ್ತದೆ. ಹೇಗೆಂದರೆ, ಒಪಿಯಾಯ್ಡ್‌ಗಳು ನರತುದಿಯಿಂದ ನಾರಡ್ರಿನಲಿನ್ (ಹೃದಯವನ್ನು ಚುರುಕುಗೊಳಿಸುವ ಇನ್ನೊಂದು ರಾಸಾಯನಿಕ) ಬರುವುದನ್ನು ತಗ್ಗಿಸುತ್ತವೆ. ಹೃದಯದ ಸ್ನಾಯುಕೋಶದೊಳಗೆ ಸೈಕ್ಲಿಕ್ ಎಎಂಪಿ (ಅಡ್ರಿನಲಿನ್‌ನ ಸಂದೇಶವನ್ನು ಕೋಶದೊಳಗೆ ಒಯ್ಯುವ ರಾಸಾಯನಿಕ) ಏರದಂತೆ ತಡೆದು, ಬಂದ ಅಡ್ರಿನಲಿನ್‌ಗೂ ಸ್ನಾಯು ಪೂರ್ತಿ ಸ್ಪಂದಿಸದಂತೆ ಮಾಡುತ್ತವೆ. ಮಿದುಳಿನಲ್ಲೂ ಸಿಂಪಥೆಟಿಕ್ ನರಗಳ (ಹೃದಯದ ವೇಗ, ಬಿಪಿ ಏರಿಸುವ ನರಗಳ) ಹುರುಪು ಇಳಿಸುತ್ತವೆ. ಬಿಪಿ ಇನ್ನಷ್ಟು ಬೀಳಬಹುದು.

ಇದಕ್ಕೆ ಸುಳಿವು ಸಿಕ್ಕಿದ್ದು 1978ರಲ್ಲಿ. ಬ್ಯಾಕ್ಟೀರಿಯಾದ ವಿಷವಾದ ಎಂಡೋಟಾಕ್ಸಿನ್‌ನಿಂದ ಬಿಪಿ ಕುಸಿದ ಇಲಿಗಳಿಗೆ ಹಾಲಡೇ ಮತ್ತು ಫೇಡನ್ ಎಂಬ ಸಂಶೋಧಕರು, ಒಪಿಯಾಯ್ಡ್‌ಗಳ ಕೆಲಸ ತಡೆಯುವ ನಾಲೊಕ್ಸೋನ್ ಎಂಬ ಮದ್ದು ಕೊಟ್ಟಾಗ ಬಿಪಿ ಮೇಲೆ ಬಂತು. ಆದರೆ ಪಾಠದಲ್ಲಿ ನಾಲೊಕ್ಸೋನನ್ನು ‘ಷಾಕ್‌ನ ಮದ್ದು’ ಎಂದು ಬರೆಯಬೇಡಿ. ರೋಗಿಗಳಲ್ಲಿ ಬಿಪಿ ಏರಿದರೂ ಅದರಿಂದ ಹೆಚ್ಚು ಜೀವ ಉಳಿಯುತ್ತದೆಂದು ಸಾಬೀತಾಗಿಲ್ಲ, ನೋವಿಗೆ ಕೊಟ್ಟ ಮಾರ್ಫಿನ್‌ನ ಗುಣವನ್ನೂ ಅದು ಕಿತ್ತುಹಾಕುತ್ತದೆ. ರಕ್ತ ನಿಲ್ಲಿಸುವುದು, ಡ್ರಿಪ್, ರಕ್ತ ಕೊಡುವುದು ಇವೇ ಮೊದಲು.

ವಾಕ್ಯ ಹೀಗಿರಲಿ: ‘ಷಾಕ್ ಆದಾಗ ದೇಹಜನ್ಯ ಒಪಿಯಾಯ್ಡ್‌ಗಳು ಹೃದಯ ಬಡಿತದ ಬಲವನ್ನು ಕುಗ್ಗಿಸಬಹುದು.’ ಆ ‘ಬಹುದು’ ತೆಗೆಯಬೇಡಿ.