ಮೀನುಸಾರಿನ ಚಟ್ಟಿ ಮಾಡಿ ಮಾರುತ್ತಿದ್ದೇನೆ, ಬೆಲೆ ಎಷ್ಟು ಹಾಕಬೇಕು?

ಮಣ್ಣುಕೈ, ಬದಿಯಡ್ಕ:
ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಎರಡು ವರ್ಷದಿಂದ ಮಣ್ಣಿನ ಕೆಲಸ ಕಲಿಯುತ್ತಾ ಇದ್ದೇನೆ, ಈಗ ಸಂಜೆ ಹೊತ್ತು ಮತ್ತು ಭಾನುವಾರ ಚಟ್ಟಿ, ಓಡು ದೋಸೆಯ ಓಡು, ಹಣತೆ, ಲೋಟ ಮಾಡಿ ಪರಿಚಯದವರಿಗೆ ಮಾರುತ್ತೇನೆ. ಮನೆಯಲ್ಲಿ ಮಡಕೆ ಸುಡುವ ಸಣ್ಣ ಕರೆಂಟಿನ ಆವಿಗೆ ಇದೆ. ಒಂದು ಸಲಕ್ಕೆ 14 ಚಟ್ಟಿ ಹಿಡಿಯುತ್ತದೆ, ಅದರಲ್ಲಿ ಎರಡಾದರೂ ಒಡೆಯುತ್ತವೆ. ಉಳಿದದ್ದನ್ನು 80 ರೂಪಾಯಿಗೆ ಕೊಟ್ಟರೂ ಜನ ಚೌಕಾಸಿ ಮಾಡುತ್ತಾರೆ. ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನೊಂದು ಬೇಜಾರು. ಸುಟ್ಟು ತೆಗೆದಾಗ ಚಟ್ಟಿ ಚೆನ್ನಾಗಿಯೇ ಇರುತ್ತದೆ. ಹತ್ತು ದಿನ ಕಳೆದ ಮೇಲೆ ಹೊರಮೈಯಿಂದ ಉಗುರಿನಷ್ಟು ಹಕ್ಕಳೆ ಎದ್ದು ಬೀಳುತ್ತದೆ. ಬಿದ್ದ ಜಾಗದಲ್ಲಿ ಸಾಸಿವೆಕಾಳಿನಷ್ಟು ಬಿಳಿ ಚುಕ್ಕೆ. ಇಬ್ಬರು ವಾಪಸ್ ತಂದುಕೊಟ್ಟರು, ತುಂಬಾ ನಾಚಿಕೆ ಆಯಿತು. ಮಣ್ಣು ಶಿರಿಯ ಹೊಳೆ ಹತ್ತಿರದ ನೆಂಟರ ಗದ್ದೆಯದ್ದು. ಮಳೆಗಾಲ ಬೇರೆ ಬರ್ತಾ ಇದೆ, ಒಣಗಿಸುವುದು ಹೇಗೆ? ಗೊತ್ತಿದ್ದವರು ಹೇಳಿ.

ಆವಿಗೆಮನೆ, ಮಂಜೇಶ್ವರ:
ಅಕ್ಕಾ, ನಮ್ಮದು ಅಜ್ಜನ ಕಾಲದಿಂದ ಇದೇ ಕೆಲಸ. ಆ ಬಿಳಿ ಚುಕ್ಕೆ ಚಿಪ್ಪಿನ ಚೂರು. ಹೊಳೆಬದಿಯ ಮಣ್ಣಲ್ಲಿ ಇದು ಇದ್ದೇ ಇರುತ್ತದೆ. ಬೆಂಕಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಆಗುತ್ತದೆ, ಆಮೇಲೆ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಮೇಲಿನ ಮಣ್ಣನ್ನು ಎತ್ತಿ ಎಸೆಯುತ್ತದೆ. ನಿಮ್ಮ ಕೈಕೆಲಸದ ತಪ್ಪಲ್ಲ, ನಾಚಿಕೆ ಯಾಕೆ? ಒಣಗಿದ ಮಣ್ಣನ್ನು ನೀರಲ್ಲಿ ಕರಗಿಸಿ ಮಜ್ಜಿಗೆಯ ಹದಕ್ಕೆ ತನ್ನಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಮತ್ತೆ ಗಟ್ಟಿ ಮಾಡಿಕೊಳ್ಳಿ. ಕೆಲಸ ಜಾಸ್ತಿ, ಆದರೆ ಬೇರೆ ದಾರಿ ಇಲ್ಲ.

ಒಲೆ ಮೇಲೆ ಇಡುವ ಪಾತ್ರೆಗೆ ಹೊಯಿಗೆ, ಅಂದರೆ ಮರಳು ಬೇಕು. ನಾವು ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ನಯ ಹೊಯಿಗೆ ಹಾಕುತ್ತೇವೆ. ಸಮುದ್ರದ ಹೊಯಿಗೆ ಮಾತ್ರ ಬೇಡ, ಉಪ್ಪೂ ಇದೆ ಚಿಪ್ಪೂ ಇದೆ.

ಮಳೆಗಾಲದಲ್ಲಿ ಬಾಯಿ ಮೊದಲು ಒಣಗಿ ಬುಡ ಹಸಿ ಉಳಿಯುತ್ತದೆ, ಬಿರುಕು ಬರುವುದು ಅಲ್ಲಿಂದಲೇ. ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಬುಡ ಗಟ್ಟಿಯಾದ ಮೇಲೆ ಕವುಚಿ ಹಾಕಿ. ಬೇಗ ಒಣಗಲಿ ಅಂತ ಒಲೆ ಹತ್ತಿರ ಇಡಬೇಡಿ. ಸುಡುವ ಮೊದಲು ಚಟ್ಟಿಯ ಬುಡವನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ, ಎರಡು ದಿನ ಕಾಯಿರಿ. ಆವಿಗೆಯನ್ನು ನೂರು ಡಿಗ್ರಿ ದಾಟುವ ತನಕ ನಿಧಾನ ಬಿಸಿ ಮಾಡಿ, ಇಲ್ಲದಿದ್ದರೆ ಆ ನೀರೇ ಆವಿಯಾಗಿ ಚಟ್ಟಿಯನ್ನು ಸಿಡಿಸುತ್ತದೆ. 573 ಡಿಗ್ರಿಯ ಹತ್ತಿರವೂ ಅವಸರ ಬೇಡ, ಹೊಯಿಗೆಯ ಹರಳು ಅಲ್ಲಿ ಒಮ್ಮೆಲೇ ಹಿಗ್ಗುತ್ತದೆ. ತಣಿಯುವಾಗ ಅಲ್ಲೇ ಕುಗ್ಗುತ್ತದೆ, ಹಾಗಾಗಿ ಬಾಗಿಲನ್ನು ಬೇಗ ತೆರೆಯಬೇಡಿ. ತೆಗೆದ ಮೇಲೆ ಬೆರಳಲ್ಲಿ ಬಡಿದು ನೋಡಿ. ಟಣ್ ಅಂದರೆ ಮಾರಿ. ದಪ್ ಅಂದರೆ ಎಲ್ಲೋ ಸೀಳು ಇದೆ, ಅದನ್ನು ಯಾರಿಗೂ ಕೊಡಬೇಡಿ.

ಅಂಗಡಿ, ಕಾಸರಗೋಡು:
ನಾನು ಮಣ್ಣಿನ ಪಾತ್ರೆ ತರಿಸಿ ಮಾರುವವನು, ಹಾಗಾಗಿ ಬೆಲೆಯ ಮಾತು ಮಾತ್ರ ಹೇಳ್ತೇನೆ. ಲೆಕ್ಕ ಬರೆಯುವವರು ನೀವು, ನಿಮ್ಮ ಲೆಕ್ಕವನ್ನೇ ಬರೆದಿಲ್ಲ ಅಲ್ವಾ? ಆಟೋ ಬಾಡಿಗೆ ಸೇರಿ ಮಣ್ಣಿಗೆ 300 ಅಂತ ಇಟ್ಟುಕೊಳ್ಳಿ. ಒಂದು ಸುಡುವಿಕೆಗೆ 20 ಯೂನಿಟ್, ಸುಮಾರು 160. ಮಣ್ಣು ತುಳಿಯುವುದರಿಂದ ಹಿಡಿದು ಆವಿಗೆ ತುಂಬುವ ತನಕ ಒಂಬತ್ತು ಗಂಟೆ, ಗಂಟೆಗೆ ನೂರರಂತೆ 900. ಒಟ್ಟು 1360. ಇದನ್ನು 14ರಿಂದ ಭಾಗಿಸಬೇಡಿ, ಉಳಿಯುವ 12ರಿಂದ ಭಾಗಿಸಿ. ಒಂದಕ್ಕೆ 113 ಬಿತ್ತು. ನೀವು 80ಕ್ಕೆ ಕೊಡುತ್ತಿದ್ದೀರಿ! ಮಾರುವ ಬೆಲೆಯಲ್ಲಿ ಅಂಗಡಿಗೆ 30 ಪರ್ಸೆಂಟ್, ಪ್ಯಾಕಿಂಗಿಗೆ ಹತ್ತು ರೂಪಾಯಿ ಅಂದರೆ ಬೆಲೆ 180 ಆಗಲೇಬೇಕು. ಮನೆಯಿಂದ ನೇರ ಮಾರಿದರೂ ಅದೇ ಬೆಲೆ ಇಡಿ, ಇಲ್ಲದಿದ್ದರೆ ಅಂಗಡಿಯವರು ನಿಮ್ಮ ಮಾಲನ್ನು ಮುಟ್ಟುವುದಿಲ್ಲ.

ಚಟ್ಟಿಯ ಜೊತೆ ಒಂದು ಚೀಟಿ ಕೊಡಿ: ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಮರುದಿನ ಗಂಜಿ ತೆಳಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಆಮೇಲೆ ಅಡುಗೆ. ಇದನ್ನು ಮಾಡದೆ ಒಡೆದು ತಂದವರನ್ನು ಎಷ್ಟೋ ನೋಡಿದ್ದೇನೆ. ಬೇಕಲ ಕೋಟೆ ನೋಡಲು ಬರುವವರು ಲೋಟ, ಹಣತೆ ಕೊಳ್ಳುತ್ತಾರೆ. ಚಟ್ಟಿ ಹೊತ್ತುಕೊಂಡು ಹೋಗುವುದಿಲ್ಲ, ಅದು ಊರಿನವರಿಗೇ. ಮಡಕೆ, ಹಣತೆಗೆ ಜಿಎಸ್‌ಟಿ ಇಲ್ಲ. ಸಣ್ಣ ಉದ್ಯಮದವರಿಗೆ ಇರುವ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಉಚಿತ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ತೋಟದಬದಿ, ಮುಳ್ಳೇರಿಯ:
ಒಂದು ಎಚ್ಚರಿಕೆ. ಕೇರಳದಲ್ಲಿ 2008ರಿಂದ ಗದ್ದೆ ಉಳಿಸುವ ಕಾನೂನು ಇದೆ. ನೆಂಟರದ್ದೇ ಆದರೂ ಗದ್ದೆಯ ಮಣ್ಣನ್ನು ಸುಮ್ನೆ ಅಗೆದು ಸಾಗಿಸುವ ಹಾಗಿಲ್ಲ. ಮೊದಲು ವಿಲೇಜ್ ಆಫೀಸಿನಲ್ಲಿ ವಿಚಾರಿಸಿ. ಮಡಿಕೈಯ ಎರಿಕ್ಕುಳಂನಲ್ಲಿ ಕುಂಬಾರರ ಮನೆಗಳಿವೆ, ಒಂದು ದಿನ ಹೋಗಿ ಅವರ ಕೈಕೆಲಸ ನೋಡಿ ಬನ್ನಿ. ರಜೆ ಹಾಕಿ ಕಲಿಯುವುದಾದರೆ ಬೆಳಗಾವಿಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ.

ಮಣ್ಣುಕೈ, ಬದಿಯಡ್ಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅರ್ಧ ಬಕೆಟ್ ಮಣ್ಣು ಸೋಸಿ ನೋಡಿದೆ. ಜರಡಿಯಲ್ಲಿ ಒಂದು ಹಿಡಿ ಚಿಪ್ಪಿನ ಚೂರು ಸಿಕ್ಕಿತು. ಚಟ್ಟಿ ವಾಪಸ್ ಕೊಟ್ಟ ಇಬ್ಬರಿಗೂ ಫೋನ್ ಮಾಡಿದೆ, ಹೊಸದು ಮಾಡಿಕೊಡುತ್ತೇನೆ ಅಂತ ಹೇಳಿದೆ. ನಾಳೆ ವಿಲೇಜ್ ಆಫೀಸಿಗೆ ಹೋಗುತ್ತೇನೆ. ಮುಂದಿನ ಸಲದಿಂದ ಚಟ್ಟಿಗೆ 180.