ಬೆಟ್ಟ ಇಳಿಯುವಾಗ ತೊಡೆ ನಡುಗೋದು: ಸೋತಿದ್ದು ಸ್ನಾಯುವೋ, ಮೆದುಳೋ?

ಪ್ರಶ್ನೆ: ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ತಕ್ಷಣ ಇಳಿಯೋಕೆ ಶುರು ಮಾಡಿದರೆ ತೊಡೆ ಗಡಗಡ ನಡುಗುತ್ತೆ, ಹೆಜ್ಜೆಯ ಅಂದಾಜೂ ತಪ್ಪುತ್ತೆ. ಉಸಿರಾಟ ಸರಿಯಾಗಿದ್ದರೂ ಹೀಗೇಕೆ?

ಫಿಸಿಯೋ, ಕುವೆಂಪುನಗರ: ಸ್ನಾಯು, ಮೆದುಳು ಎರಡೂ ಸೋತಿರುತ್ತವೆ ಸಾರ್. ದಣಿದ ಸ್ನಾಯುನಾರುಗಳ ಬಲ ಕುಗ್ಗಿದಾಗ ಅದೇ ಕೆಲಸಕ್ಕೆ ಮೆದುಳು ಇನ್ನೂ ದೊಡ್ಡ ಮೋಟಾರ್ ಯೂನಿಟ್‌ಗಳನ್ನು (ಒಂದು ನರಕೋಶ ಮತ್ತು ಅದು ಆಡಿಸುವ ನಾರುಗಳ ಗುಂಪು) ಕರೆಯುತ್ತೆ. ಇವು ಒಂದೊಂದೂ ನೂರಾರು ನಾರುಗಳನ್ನು ಒಟ್ಟಿಗೆ ಎಳೆಯೋದರಿಂದ ಬಲ ನುಣುಪಾಗಿ ಏರಿಳಿಯಲ್ಲ. ಸೆಕೆಂಡಿಗೆ ಸುಮಾರು 8ರಿಂದ 12 ಸಲದ ಸಹಜ ಕಂಪನ ಕಣ್ಣಿಗೇ ಕಾಣುವಷ್ಟಾಗುತ್ತೆ. ಜೊತೆಗೆ ಸ್ನಾಯುವಿನೊಳಗಿನ ಸಣ್ಣ ನರಗಳು ರಾಸಾಯನಿಕ ಬದಲಾವಣೆಯ ಸುದ್ದಿ ಮುಟ್ಟಿಸಿ, ಮೆದುಳಿನ ಆಜ್ಞೆಯನ್ನೇ ತಗ್ಗಿಸುತ್ತವೆ.

ಶರೀರಕ್ರಿಯಾಶಾಸ್ತ್ರ ಅಧ್ಯಾಪಕಿ: ಯಾರ ಪಾಲು ಎಷ್ಟು ಅಂತ ಅಳೆಯಬಹುದು. ಪೂರ್ತಿ ಬಲ ಹಾಕಿರುವಾಗಲೇ ನರಕ್ಕೆ ಒಂದು ವಿದ್ಯುತ್ ಮಿಡಿತ ಕೊಡಬೇಕು. ಬಲ ಇನ್ನೂ ಜಿಗಿದರೆ ಮೆದುಳು ಪೂರ್ತಿ ಕೊಡುತ್ತಿಲ್ಲ ಎಂದರ್ಥ. 1954ರಲ್ಲಿ ಮರ್ಟನ್ ಎಂಬ ಬ್ರಿಟಿಷ್ ಶರೀರಕ್ರಿಯಾವಿಜ್ಞಾನಿ ಹೆಬ್ಬೆರಳಿನ ಸ್ನಾಯುವಿನಲ್ಲಿ ಹೆಚ್ಚುವರಿ ಬಲ ಕಾಣದೆ, ದಣಿವೆಲ್ಲ ಸ್ನಾಯುವಿನದೇ ಎಂದರು. ಮುಂದಿನ ಪ್ರಯೋಗಗಳು ಮೆದುಳಿನ ಪಾಲನ್ನೂ ತೋರಿಸಿದವು. ಇಷ್ಟಾದರೂ ಎಲ್ಲವನ್ನೂ ದುಡಿಯುವ ಸ್ನಾಯುವಿನಲ್ಲಿ ಹುಟ್ಟುತ್ತೆ ಎನ್ನುವ ಲ್ಯಾಕ್ಟಿಕ್ ಆಸಿಡ್ ತಲೆಗೆ ಕಟ್ಟೋದು ನಿಂತಿಲ್ಲ, ಬೇಸರವಾಗುತ್ತೆ.

ಪ್ರಶ್ನೆ ಕೇಳಿದವರು: ಇಳಿಯುವಾಗಲೇ ಜಾಸ್ತಿ ಯಾಕೆ ಮೇಡಂ?

ಶರೀರಕ್ರಿಯಾಶಾಸ್ತ್ರ ಅಧ್ಯಾಪಕಿ: ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಅದರಿಂದ ಮಂಡಿ ಎಷ್ಟು ಮಡಚಿದೆ ಎಂಬ ಮೆದುಳಿನ ಲೆಕ್ಕವೂ ತಪ್ಪುತ್ತೆ, ಅದಕ್ಕೇ ಎಡವೋದು.

ಫಿಸಿಯೋ: ಮೇಲೆ 10-15 ನಿಮಿಷ ಕೂತು, ಮೆಟ್ಟಿಲಿನ ಅಂಚು ನೋಡಿಕೊಂಡು ನಿಧಾನ ಇಳಿಯಿರಿ. ನಂದಿ ಹತ್ತಿರ ಮತ್ತೆ ನಿಲ್ಲಿ. ನಡುಕ ನಿಂತರೂ ಬಲ ಪೂರ್ತಿ ಮರಳೋಕೆ ಗಂಟೆಗಟ್ಟಲೆ ಬೇಕು. ಒಂದೇ ಕಾಲು ಸೋತರೆ, ಇಲ್ಲವೇ ಮೂತ್ರ ಕಪ್ಪಾದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.